ಕೊಳವೆಬಾವಿ ಪಂಪಿನ ಅಕಾಲಿಕ ಸವೆತ ಮತ್ತು ಅದರ ಪತ್ತೆ: ಕೋಲಾರ ಸೀಮೆ

ನೀರಿನಲ್ಲಿ ಮುಳುಗಿ ಓಡುವ ಬಹುಹಂತದ ಸಬ್‌ಮರ್ಸಿಬಲ್ ಪಂಪು ಮತ್ತು ಅದರ ಮೋಟರಿನ ಬಿಡಿಭಾಗಗಳು ಬಾಳಬೇಕಾದ ಕಾಲಕ್ಕಿಂತ ಬಹಳ ಮೊದಲೇ ತೇಯ್ದು, ಕೊರೆದು ಅಥವಾ ಸುಟ್ಟು ಕೆಲಸಕ್ಕೆ ಬಾರದಂತಾಗುವುದನ್ನು ಕೊಳವೆಬಾವಿ ಪಂಪಿನ ಅಕಾಲಿಕ ಸವೆತ ಎನ್ನುತ್ತಾರೆ. ಯಾವ ಭಾಗ ಮೊದಲು ಕೆಟ್ಟಿತು, ಅದನ್ನು ಕೆಡಿಸಿದ್ದು ಮರಳೋ, ಒಣ ಓಟವೋ, ವಿದ್ಯುತ್ತಿನ ದೋಷವೋ, ತಪ್ಪು ಆಯ್ಕೆಯೋ ಎಂದು ಭಾಗಗಳ ಮೇಲಿನ ಗುರುತುಗಳಿಂದಲೂ ಅಳತೆಗಳಿಂದಲೂ ನಿರ್ಧರಿಸುವುದೇ ಪತ್ತೆ. ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಬಾವಿಗಳ ಆಳ ಸಾವಿರ ಅಡಿ ದಾಟಿರುವುದರಿಂದ ಈ ವಿಷಯ ಬೇಸಾಯದ ಬದುಕಿಗೇ ತಗಲಿಕೊಂಡಿದೆ.

ಪದಗಳು

ಹಳ್ಳಿಯ ಮಾತಿನಲ್ಲಿ ಪಂಪು, ಮೋಟರು ಎರಡನ್ನೂ ಸೇರಿಸಿ ‘ಮೋಟರ್’ ಎನ್ನುವುದೇ ರೂಢಿ. ಈ ಲೇಖನದಲ್ಲಿ ನೀರನ್ನು ಎತ್ತುವ ಮೇಲ್ಭಾಗಕ್ಕೆ ಪಂಪು ಎಂದೂ ಅದನ್ನು ತಿರುಗಿಸುವ ಕೆಳಭಾಗಕ್ಕೆ ಮೋಟರು ಎಂದೂ ಬೇರೆಬೇರೆಯಾಗಿ ಹೇಳಿದೆ. ಪಂಪು ಎಷ್ಟು ಎತ್ತರಕ್ಕೆ ನೀರನ್ನು ತಳ್ಳಬೇಕೋ ಆ ಎತ್ತರ ಹೆಡ್. ಉಜ್ಜಾಟದಿಂದ ಲೋಹ ಅಥವಾ ರಬ್ಬರು ಕಳೆದುಹೋಗುವುದು ಸವೆತ; ನೀರಿನ ರಾಸಾಯನಿಕ ಗುಣದಿಂದ ಲೋಹ ತಿಂದುಹೋಗುವುದು ತುಕ್ಕು; ಗಡಸು ನೀರಿನ ಸುಣ್ಣ ಕಲ್ಲಾಗಿ ಅಂಟುವುದು ಹಕ್ಕಳೆ. ಪಂಪಿನ ವಯಸ್ಸನ್ನು ತಿಂಗಳುಗಳಲ್ಲಿ ಎಣಿಸಿದರೆ ದಾರಿ ತಪ್ಪುತ್ತದೆ, ಓಡಿದ ಗಂಟೆಗಳಲ್ಲಿ ಎಣಿಸಬೇಕು. ದಿನಕ್ಕೆ 7 ಗಂಟೆಯಂತೆ ವರ್ಷದಲ್ಲಿ 300 ದಿನ ಓಡಿದ ಪಂಪು 2,100 ಗಂಟೆ ದುಡಿದಿರುತ್ತದೆ. ಮಾವಿನ ತೋಪಿನಲ್ಲಿ ಬೇಸಿಗೆಗೆ ಮಾತ್ರ ಓಡುವ ಪಂಪು ಅದರ ಕಾಲುಭಾಗವನ್ನೂ ಮುಟ್ಟದಿರಬಹುದು.

ಹಿನ್ನೆಲೆ

ಪಾಲಾರ್, ದಕ್ಷಿಣ ಪಿನಾಕಿನಿ, ಪಾಪಾಗ್ನಿಗಳ ಮೇಲ್ಭಾಗದಲ್ಲಿರುವ ಈ ಸೀಮೆಗೆ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಸರಣಿ ಕೆರೆಗಳೂ ಅವುಗಳ ಅಚ್ಚುಕಟ್ಟಿನ ತೆರೆದ ಬಾವಿಗಳೂ ಇಲ್ಲಿನ ಬೇಸಾಯವನ್ನು ಶತಮಾನಗಳ ಕಾಲ ಕಾದವು. ಬಾವಿಯಿಂದ ನೀರೆತ್ತಲು ಮೊದಲು ಏತ ಮತ್ತು ಎತ್ತು ಹೂಡಿದ ಕಪಿಲೆ ಇದ್ದವು. ಆಮೇಲೆ ಆಯಿಲ್ ಎಂಜಿನ್ ಬಂತು, ಅದರ ಹಿಂದೆಯೇ ಕರೆಂಟಿನ ಪಂಪುಸೆಟ್ಟು ಬಂತು. ಜಿಲ್ಲೆಗೆ ವಿದ್ಯುತ್ತು ಬಂದದ್ದು ಬೇಸಾಯಕ್ಕಾಗಿ ಅಲ್ಲ, ಗಣಿಗಾಗಿ: 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರ ಎಳೆದ ತಂತಿಯಲ್ಲಿ ಕೋಲಾರ ಚಿನ್ನದ ಗಣಿಗೆ ಕರೆಂಟು ಮುಟ್ಟಿತು.

ತೆರೆದ ಬಾವಿಗಳು ಬತ್ತುತ್ತ ಹೋದಂತೆ ಕೊಳವೆಬಾವಿ ಬಂತು. ನೀರಿನ ಮಟ್ಟ ಮೇಲಿದ್ದ ಕಾಲದಲ್ಲಿ ಗಾಳಿ ಕಂಪ್ರೆಸರ್ ಮತ್ತು ಜೆಟ್ ಪಂಪು ಸಾಕಾಗುತ್ತಿದ್ದವು. ಮಟ್ಟ ಇಳಿದ ಮೇಲೆ ಉಳಿದ ದಾರಿ ಸಬ್‌ಮರ್ಸಿಬಲ್ ಪಂಪು ಒಂದೇ. ರಷ್ಯಾ ಸಾಮ್ರಾಜ್ಯದ ತಿಫ್ಲಿಸ್‌ನಲ್ಲಿ ಹುಟ್ಟಿದ ಎಂಜಿನಿಯರ್ ಆರ್ಮೈಸ್ ಅರುತುನೋಫ್ 1920ರ ದಶಕದಲ್ಲಿ ಅಮೆರಿಕದ ಎಣ್ಣೆಬಾವಿಗಳಿಗೆ ಇಳಿಸಿದ ಯಂತ್ರವೇ ಇದರ ಪೂರ್ವಜ. ದಕ್ಷಿಣ ಭಾರತದ ರೈತರಿಗೆ ಇದು ಬಹುಪಾಲು ಕೊಯಮತ್ತೂರಿನ ಕಾರ್ಖಾನೆಗಳಿಂದ ಬರುತ್ತದೆ. ಭಾರತದಲ್ಲಿ ಪಂಪುಸೆಟ್ಟಿಗೆ ಐಎಸ್ 8034, ಅದರ ಮೋಟರಿಗೆ ಐಎಸ್ 9283 ಎಂಬ ಮಾನಕಗಳಿವೆ. ಪಂಪು ಎತ್ತಬೇಕಾದ್ದು ತಿಳಿಯಾದ ತಣ್ಣೀರು ಎಂಬುದು ಪಂಪುಸೆಟ್ಟಿನ ಮಾನಕದ ಮೂಲ ನಂಬಿಕೆ. ಕೋಲಾರದ ಹೊಲಗಳಲ್ಲಿ ಮೊದಲು ಮುರಿದು ಬೀಳುವುದು ಈ ನಂಬಿಕೆಯೇ.

ನೆಲ ಮತ್ತು ನೀರು

ನಾಲ್ಕೂ ತಾಲ್ಲೂಕುಗಳ ತಳದಲ್ಲಿರುವುದು ಹೆಚ್ಚಾಗಿ ನೈಸ್ ಮತ್ತು ಗ್ರಾನೈಟ್ ಶಿಲೆ. ಇದರ ನಡುವೆ ಉತ್ತರ–ದಕ್ಷಿಣವಾಗಿ, ಚಿನ್ನದ ಗಣಿಗಳಿಗೆ ಹೆಸರಾದ ಕೋಲಾರ ಶಿಸ್ಟ್ ಪಟ್ಟಿ ಹಾದುಹೋಗುತ್ತದೆ. ಈ ಬಂಡೆಗಳಿಗೆ ನೀರನ್ನು ಹೀರಿ ಇಟ್ಟುಕೊಳ್ಳುವ ಗುಣ ಇಲ್ಲ. ಮೇಲಿನ ಶಿಥಿಲ ಪದರದಲ್ಲಿ ಒಂದಷ್ಟು, ಕೆಳಗಿನ ಬಿರುಕುಗಳಲ್ಲಿ ಒಂದಷ್ಟು ನೀರು ಇರುತ್ತದೆ. ಮೇಲಿನ ಪದರ ಈಗ ಬಹುಕಡೆ ಒಣಗಿದೆ. ಬಿರುಕನ್ನು ಹುಡುಕಿಕೊಂಡು 1,000ದಿಂದ 1,500 ಅಡಿಯವರೆಗೆ ಕೊರೆಯುವುದು ಸಾಮಾನ್ಯವಾಗಿದೆ. ಕೇಂದ್ರ ಅಂತರ್ಜಲ ಮಂಡಳಿಯ ಅಂದಾಜಿನಲ್ಲಿ ಈ ತಾಲ್ಲೂಕುಗಳು ಅತಿಬಳಕೆಯ ವರ್ಗಕ್ಕೆ ಸೇರಿವೆ. ಎಂದರೆ ಮಳೆ ಮರುಪೂರಣ ಮಾಡುವುದಕ್ಕಿಂತ ಹೆಚ್ಚಿನ ನೀರನ್ನು ಎತ್ತಲಾಗುತ್ತಿದೆ.

ಶಿಲೆಯ ಗುಣಕ್ಕೂ ಸವೆತಕ್ಕೂ ನೇರ ಸಂಬಂಧ ಇದೆ. ಗ್ರಾನೈಟ್ ಪುಡಿಯಾದಾಗ ಉಳಿಯುವ ಬೆಣಚುಕಲ್ಲಿನ ಕಣದ ಗಡಸುತನ ಮೋಹ್ಸ್ ಮಾಪಕದಲ್ಲಿ 7. ಪಂಪಿನಲ್ಲಿ ಬಳಸುವ ಕಂಚು, ಎರಕದ ಕಬ್ಬಿಣ, ಗಟ್ಟಿ ಪ್ಲಾಸ್ಟಿಕ್, ಸಾಮಾನ್ಯ ಸ್ಟೇನ್‌ಲೆಸ್ ಉಕ್ಕು ಎಲ್ಲವೂ ಅದಕ್ಕಿಂತ ಮೆದು.

ಬಾವಿಯ ಇಳುವರಿಯನ್ನು ಇಂಚಿನಲ್ಲಿ ಹೇಳುವ ರೂಢಿಯೂ ಪತ್ತೆಯ ವಿಷಯವೇ. ಕೊರೆಯುವಾಗ ಗಾಳಿಯೊತ್ತಡಕ್ಕೆ ಮೇಲೆದ್ದು ಹರಿದ ನೀರನ್ನು ವಿ ಆಕಾರದ ಕೊರಕಲುಳ್ಳ ತಗಡಿನಲ್ಲಿ ಅಳೆದು ‘ಎರಡಿಂಚು’, ‘ಮೂರಿಂಚು’ ಎನ್ನುತ್ತಾರೆ. ತೊಂಬತ್ತು ಡಿಗ್ರಿ ಕೊರಕಲಿನ ಲೆಕ್ಕದಲ್ಲಿ ಒಂದಿಂಚು ಎಂದರೆ ಸೆಕೆಂಡಿಗೆ ಸುಮಾರು 0.14 ಲೀಟರ್, ಎರಡಿಂಚು ಎಂದರೆ 0.8 ಲೀಟರ್, ಮೂರಿಂಚು ಎಂದರೆ 2.2 ಲೀಟರ್. ಎರಡಿಂಚು ಒಂದಿಂಚಿನ ಎರಡರಷ್ಟಲ್ಲ, ಐದೂವರೆ ಪಟ್ಟಿಗೂ ಮಿಕ್ಕಿದ್ದು. ಅದೂ ಬಾವಿ ತುಂಬಿದ್ದ ಹೊತ್ತಿನ ಅಳತೆ. ತಿಂಗಳುಗಟ್ಟಲೆ ಎತ್ತಿದ ಮೇಲೆ ಅಷ್ಟು ಸಿಗುವುದಿಲ್ಲ. ಈ ಅಂದಾಜನ್ನು ನಂಬಿ ಕೊಂಡ ಪಂಪು ಬಾವಿಗಿಂತ ದೊಡ್ಡದಾಗುತ್ತದೆ. ಈ ಸೀಮೆಯ ಸವೆತದ ಬಹುಪಾಲು ಶುರುವಾಗುವುದು ಇಲ್ಲಿಂದ.

ರಚನೆ

ಆರೂವರೆ ಇಂಚಿನ ಬಾವಿಯೊಳಗೆ ಇಳಿಯುವ ಉದ್ದನೆಯ ಕೊಳವೆಯಂಥ ಯಂತ್ರ ಇದು. ಕೆಳಗೆ ನೀರು ತುಂಬಿದ ಮೋಟರು, ಅದರ ಮೇಲೆ ಕಪ್ಲಿಂಗ್, ನೀರು ಒಳಸೇರುವ ಜಾಲರಿ, ಜಾಲರಿಯ ಮೇಲೆ ಒಂದರ ಮೇಲೊಂದು ಜೋಡಿಸಿದ ಸ್ಟೇಜುಗಳು, ತುದಿಯಲ್ಲಿ ನೀರು ಹಿಂದಕ್ಕೆ ಇಳಿಯದಂತೆ ತಡೆಯುವ ವಾಲ್ವ್. ಪ್ರತಿ ಸ್ಟೇಜಿನಲ್ಲಿ ತಿರುಗುವ ಇಂಪೆಲ್ಲರ್ ಒಂದು, ಅದನ್ನು ಸುತ್ತುವರಿದ ನಿಶ್ಚಲ ಬೌಲ್ ಒಂದು. ಇಂಥ ಬಾವಿಯ ಪಂಪಿನಲ್ಲಿ ಒಂದು ಸ್ಟೇಜು ಸುಮಾರು 10 ಮೀಟರ್ ಎತ್ತುತ್ತದೆ ಎಂದುಕೊಂಡರೆ 1,000 ಅಡಿಗೆ ಮೂವತ್ತು ಸ್ಟೇಜು ಬೇಕು. ಇವೆಲ್ಲವನ್ನೂ ಪೋಣಿಸಿದ ಒಂದೇ ಶಾಫ್ಟು ನಿಮಿಷಕ್ಕೆ ಸುಮಾರು 2,880 ಸುತ್ತು ತಿರುಗುತ್ತದೆ. ಶಾಫ್ಟು ಅಲುಗದಂತೆ ಅಲ್ಲಲ್ಲಿ ಕಂಚಿನ ಅಥವಾ ರಬ್ಬರಿನ ಬುಶ್‌ಗಳಿವೆ, ಬುಶ್‌ನೊಳಗೆ ತಿರುಗುವ ಶಾಫ್ಟಿನ ಮೇಲೆ ಸ್ಲೀವ್ ಇದೆ. ಇವಕ್ಕೆ ಗ್ರೀಸೂ ಇಲ್ಲ, ಎಣ್ಣೆಯೂ ಇಲ್ಲ. ಎತ್ತುವ ನೀರೇ ಜಾರುವ ಪೊರೆ.

ಮೋಟರಿನ ತಳದಲ್ಲಿ ಥ್ರಸ್ಟ್ ಬೇರಿಂಗ್ ಇರುತ್ತದೆ. ಮುನ್ನೂರು ಮೀಟರ್ ನೀರಿನ ಒತ್ತಡ ಪಂಪಿನ ತುದಿಯಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 30 ಕಿಲೋಗ್ರಾಂ. ಅದು ಇಂಪೆಲ್ಲರುಗಳನ್ನು ನೂರಾರು ಕಿಲೋಗ್ರಾಂ ಬಲದಿಂದ ಕೆಳಕ್ಕೆ ಒತ್ತುತ್ತದೆ. ಆ ಭಾರವನ್ನೆಲ್ಲ ಹೊರುವುದು ಕಾರ್ಬನ್ ಬಿಲ್ಲೆ ಮತ್ತು ನುಣುಪಾದ ಉಕ್ಕಿನ ತುಂಡುಗಳ ನಡುವಿನ, ಕೂದಲಿಗಿಂತ ತೆಳುವಾದ ನೀರಿನ ಪದರ. ಇಡೀ ಯಂತ್ರದಲ್ಲಿ ಹೆಚ್ಚು ದುಡಿಯುವ, ಕಣ್ಣಿಗೆ ಕಡಿಮೆ ಬೀಳುವ ಭಾಗ ಇದೇ.

ಸವೆತದ ಬಗೆಗಳು

ಮರಳಿನ ಸವೆತ. ಮರಳು ನೀರಿನ ಜೊತೆ ಬಂದು ಬುಶ್ ಮತ್ತು ಸ್ಲೀವಿನ ಸಂದಿಗೆ ನುಗ್ಗುತ್ತದೆ. ರಬ್ಬರು ಬುಶ್‌ನಲ್ಲಿ ಕೆಲವು ಕಣಗಳು ಒತ್ತಿಕೊಂಡು ಉರುಳಿ ಹೊರಹೋಗುತ್ತವೆ. ಕಂಚಿನಲ್ಲಾದರೆ ಅಂಟಿ ನಿಂತು ಸ್ಲೀವನ್ನು ಕಡೆಯುತ್ತವೆ. ಸಂದಿ ಹಿಗ್ಗಿದಂತೆ ಶಾಫ್ಟು ಓಲಾಡುತ್ತದೆ. ಆಗ ಇಂಪೆಲ್ಲರಿನ ಕತ್ತು ಬೌಲಿಗೆ ಉಜ್ಜಿ ಸವೆಯುತ್ತದೆ, ಮೇಲಕ್ಕೆ ಹೋಗಬೇಕಾದ ನೀರು ಆ ಸಂದಿಯಲ್ಲಿ ಹಿಂದಕ್ಕೆ ಸೋರಿ ಅಲ್ಲೇ ಸುತ್ತುತ್ತದೆ. ಮೀಟರು ಓಡುತ್ತದೆ, ಪೈಪಿನ ತುದಿಯಲ್ಲಿ ನೀರು ಸೊರಗುತ್ತದೆ. ಘನ ಮೀಟರ್ ನೀರಿಗೆ 50 ಗ್ರಾಂ ಮರಳು ಎಂಬುದು ತಯಾರಕರು ಸಾಮಾನ್ಯವಾಗಿ ಹಾಕುವ ಗಡಿ. ಹೊಸದಾಗಿ ಕೊರೆದು ಸರಿಯಾಗಿ ಫ್ಲಶ್ ಮಾಡದ ಬಾವಿ, ಗಟ್ಟಿ ಬಂಡೆ ಮುಟ್ಟುವ ಮೊದಲೇ ನಿಲ್ಲಿಸಿದ ಕೇಸಿಂಗ್ ಪೈಪು, ಶಿಥಿಲ ಬಿರುಕಿನ ಎದುರಿಗೇ ಇಳಿಬಿಟ್ಟ ಜಾಲರಿ ಇವು ಮರಳು ಬರುವ ಮುಖ್ಯ ದಾರಿಗಳು.

ಕೆಳಒತ್ತು ಮತ್ತು ಮೇಲೊತ್ತಿನ ಸವೆತ. ಥ್ರಸ್ಟ್ ಬೇರಿಂಗ್ ಸವೆದಷ್ಟೂ ಇಂಪೆಲ್ಲರುಗಳು ಕೆಳಗೆ ಇಳಿದು ತಮ್ಮ ತಳವನ್ನು ಬೌಲಿಗೆ ಉಜ್ಜುತ್ತವೆ. ಇದಕ್ಕೆ ತಿರುಗಾಮುರುಗವಾದ ಇನ್ನೊಂದಿದೆ. ಪೈಪು ಖಾಲಿ ಇದ್ದಾಗ ಅಥವಾ ಎತ್ತುವ ಎತ್ತರ ಪಂಪಿನ ಅಂದಾಜಿಗಿಂತ ಬಹಳ ಕಡಿಮೆ ಇದ್ದಾಗ ನೀರು ವಿಪರೀತ ವೇಗದಲ್ಲಿ ಹರಿದು ಇಂಪೆಲ್ಲರುಗಳನ್ನು ಮೇಲಕ್ಕೆ ಎಬ್ಬಿಸುತ್ತದೆ. ಆಗ ಮೇಲ್ಮುಖ ಸವೆಯುತ್ತದೆ. ಹಿಂತಡೆ ವಾಲ್ವ್ ಕೆಟ್ಟು ಪ್ರತಿಸಲವೂ ಪೈಪು ಬರಿದಾಗುವ ಬಾವಿಯಲ್ಲಿ ಪ್ರತಿ ಸ್ಟಾರ್ಟಿಗೂ ಹೀಗಾಗುತ್ತದೆ. ಇಳಿಯುವ ನೀರು ಪಂಪನ್ನು ಹಿಂದುಮುಂದಾಗಿ ತಿರುಗಿಸುತ್ತಿರುವಾಗಲೇ ಕರೆಂಟು ಬಂದು ಸ್ಟಾರ್ಟರ್ ಎಳೆದುಕೊಂಡರೆ ಶಾಫ್ಟು ಅಥವಾ ಕಪ್ಲಿಂಗ್ ತುಂಡಾಗುವುದೂ ಉಂಟು.

ಒಣ ಓಟ. ಹತ್ತು ಅಶ್ವಶಕ್ತಿಯ ಮೋಟರು, ಪಂಪಿನ ದಕ್ಷತೆ ಶೇಕಡಾ 50 ಎಂದಿಟ್ಟುಕೊಂಡರೆ, 300 ಮೀಟರಿನಿಂದ ಸೆಕೆಂಡಿಗೆ ಸುಮಾರು 1.27 ಲೀಟರ್ ಎತ್ತಬಲ್ಲದು. ಎರಡಿಂಚಿನ ಬಾವಿ ಕೊಡುವುದು 0.8. ಬಾವಿ ಖಾಲಿಯಾಗಲೇಬೇಕು. ನೀರು ಬಿಟ್ಟುಬಿಟ್ಟು ಬರುತ್ತದೆ, ಪೈಪು ಗಾಳಿ ಹೊಡೆಯುತ್ತದೆ. ಅದೇ ಹೊತ್ತಿಗೆ ಬುಶ್‌ಗಳ ನೀರಿನ ಪೊರೆ ಹರಿದು ಶಾಖ ಏರುತ್ತದೆ: ರಬ್ಬರು ಗಟ್ಟಿಯಾಗಿ ಸೀಳುತ್ತದೆ, ಪ್ಲಾಸ್ಟಿಕ್ ಇಂಪೆಲ್ಲರು ಕರಗಿ ಬೌಲಿಗೆ ಅಂಟುತ್ತದೆ. ಮೋಟರಿಗೂ ತಂಪು ತಪ್ಪುತ್ತದೆ. ಮೋಟರು ತಣ್ಣಗಿರಬೇಕಾದರೆ ಅದರ ಮೈಮೇಲೆ ನೀರು ಹರಿಯುತ್ತಿರಬೇಕು. ನೀರಿನ ಬಿರುಕು ಪಂಪಿಗಿಂತ ಮೇಲಿದ್ದರೆ ನೀರು ಮೇಲಿನಿಂದಲೇ ಜಾಲರಿಗೆ ಬೀಳುತ್ತದೆ, ಕೆಳಗಿನ ಮೋಟರು ನಿಂತ ನೀರಿನಲ್ಲಿ ಬೇಯುತ್ತದೆ. ತಳದ ಹೂಳಿನಲ್ಲಿ ಹೂತ ಮೋಟರಿನ ಗತಿಯೂ ಅದೇ.

ತುಕ್ಕು ಮತ್ತು ಹಕ್ಕಳೆ. ಗಡಸು ನೀರಿನ ಸುಣ್ಣ ಜಾಲರಿಯನ್ನೂ ಇಂಪೆಲ್ಲರಿನ ದಾರಿಯನ್ನೂ ಕಿರಿದುಮಾಡುತ್ತದೆ. ಬಿಸಿಯಾದ ಮೋಟರಿನ ಮೈಮೇಲೆ ಪೊರೆಗಟ್ಟಿ ಶಾಖ ಹೊರಹೋಗದಂತೆ ತಡೆಯುತ್ತದೆ. ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನ ತುಕ್ಕಿನ ಚಕ್ಕೆಗಳು ಉದುರಿ ವಾಲ್ವಿನಲ್ಲಿ ಸಿಕ್ಕಿಕೊಳ್ಳುತ್ತವೆ. ಈ ಜಿಲ್ಲೆಯ ನೀರಿನಲ್ಲಿ ಆರೋಗ್ಯಕ್ಕೆ ಮಾರಕವಾಗಿರುವ ಫ್ಲೋರೈಡನ್ನು ಪಂಪಿನ ಸವೆತಕ್ಕೂ ಹೊಣೆಮಾಡುವುದು ಸರಿಯಲ್ಲ. ಅದು ಇರುವ ಪ್ರಮಾಣದಲ್ಲಿ ಲೋಹವನ್ನು ಕೊರೆಯುವುದಿಲ್ಲ.

ವಿದ್ಯುತ್ತಿನ ಕಾರಣಗಳು. ಹೊಲದ ಲೈನಿನಲ್ಲಿ ತ್ರೀಫೇಸ್ ಬಂದ ಕೂಡಲೇ ಆಟೋ ಸ್ಟಾರ್ಟರುಗಳೆಲ್ಲ ಒಟ್ಟಿಗೇ ಎಳೆದುಕೊಳ್ಳುತ್ತವೆ. ನೇರ ಸ್ಟಾರ್ಟಿನಲ್ಲಿ ಪ್ರತಿ ಮೋಟರೂ ಪೂರ್ಣಭಾರದ ಐದಾರು ಪಟ್ಟು ಕರೆಂಟು ಕೇಳುತ್ತದೆ, ಟಿ.ಸಿ.ಯ (ಟ್ರಾನ್ಸ್‌ಫಾರ್ಮರಿನ) ವೋಲ್ಟೇಜು ಕುಸಿಯುತ್ತದೆ. ಅದರ ಮೇಲೆ ಬಾವಿಯೊಳಗಿನ ಉದ್ದನೆಯ ಕೇಬಲಿನ ನಷ್ಟ. ಹದಿನೈದು ಆಂಪಿಯರ್ ಎಳೆಯುವ ಮೋಟರಿಗೆ 4 ಚದರ ಮಿಲಿಮೀಟರಿನ ತಾಮ್ರದ ಕೇಬಲು 300 ಮೀಟರ್ ಇಳಿಬಿಟ್ಟರೆ ಕೇಬಲಿನಲ್ಲೇ ಸುಮಾರು 29 ವೋಲ್ಟು ಕಳೆದುಹೋಗುತ್ತದೆ. 6 ಚದರ ಮಿಲಿಮೀಟರಿನದಾದರೆ 19. ಫೇಸ್‌ಗಳ ನಡುವಿನ ಅಸಮತೆ ಇನ್ನೂ ಕೇಡು: ವೋಲ್ಟೇಜಿನಲ್ಲಿ ಶೇಕಡಾ 3ರಷ್ಟು ಅಸಮತೆ ಇದ್ದರೆ ಮೋಟರಿನ ಶಾಖದ ಏರಿಕೆ ಸುಮಾರು ಶೇಕಡಾ 18ರಷ್ಟು ಹೆಚ್ಚುತ್ತದೆ. ಒಂದು ಫೇಸು ಪೂರ್ತಿ ಹೋದರೂ ಸ್ಟಾರ್ಟರು ಬಿಡದಿದ್ದರೆ ಕಾಯಿಲ್ ಸುಡಲು ಹೆಚ್ಚು ಹೊತ್ತು ಬೇಕಿಲ್ಲ.

ನೆಲದ ಮೇಲಿನ ಪತ್ತೆ

ಸಾವಿರ ಅಡಿ ಎಂದರೆ ಇಪ್ಪತ್ತಡಿಯ ಐವತ್ತು ಪೈಪು. ಎರಡಿಂಚಿನ ಜಿಐ ಪೈಪು ಮತ್ತು ಅದರೊಳಗಿನ ನೀರು ಸೇರಿ ಎರಡು ಟನ್ ದಾಟುವ ಭಾರವನ್ನು ಲಾರಿ ತರಿಸಿ ಎತ್ತಬೇಕು, ಮತ್ತೆ ಇಳಿಸಬೇಕು. ಈ ಖರ್ಚು ರೈತನ ಒಂದು ಬೆಳೆಯ ಲಾಭವನ್ನೇ ನುಂಗಬಹುದು. ಆದ್ದರಿಂದ ಎತ್ತುವ ಮೊದಲು ಮೇಲೆ ನಿಂತು ತಿಳಿಯಬಹುದಾದದ್ದನ್ನೆಲ್ಲ ತಿಳಿದುಕೊಳ್ಳುವುದು ಪತ್ತೆಯ ಮೊದಲ ನಿಯಮ.

ಬೇಕಾದ ಸಾಧನಗಳು ಕಡಿಮೆ: ವೋಲ್ಟ್‌ಮೀಟರ್, ಕ್ಲಿಪ್ ಮಾದರಿಯ ಆಂಪಿಯರ್ ಮೀಟರ್, ತಂತಿಯ ಕವಚದ ನಿರೋಧ ಅಳೆಯುವ ಮೆಗ್ಗರ್, ಇನ್ನೂರು ಲೀಟರಿನ ಡ್ರಮ್ಮು, ಗಡಿಯಾರ. ಡ್ರಮ್ಮು ತುಂಬುವ ಸೆಕೆಂಡುಗಳಿಂದ ನೀರಿನ ಪ್ರಮಾಣ ಸಿಗುತ್ತದೆ. ಅದನ್ನು ಪಂಪು ಇಳಿಸಿದ ದಿನದ ಅಳತೆಯ ಜೊತೆ ಹೋಲಿಸಬೇಕು. ಆ ದಿನದ ಅಳತೆಯನ್ನು ಬರೆದಿಡದಿರುವುದೇ ಪತ್ತೆಗೆ ಎದುರಾಗುವ ದೊಡ್ಡ ಅಡ್ಡಿ.

ನೀರೂ ಕಡಿಮೆ, ಆಂಪಿಯರೂ ಕಡಿಮೆ ಎಂದರೆ ಪಂಪಿಗೆ ನೀರು ಸಿಗುತ್ತಿಲ್ಲ, ಜಾಲರಿ ಕಟ್ಟಿದೆ ಅಥವಾ ಶಾಫ್ಟು ತುಂಡಾಗಿದೆ. ನೀರು ಕಡಿಮೆಯಾಗಿ ಆಂಪಿಯರ್ ಹೆಚ್ಚಿದ್ದರೆ ಒಳಗೆ ಉಜ್ಜಾಟ ಇದೆ. ನೀರು ಎಂದಿಗಿಂತ ಹೆಚ್ಚು ಬಂದು ಆಂಪಿಯರೂ ಹೆಚ್ಚಿದ್ದರೆ ನೀರಿನ ಮಟ್ಟ ಏರಿದೆ, ಪಂಪು ತನ್ನ ಅಳತೆ ಮೀರಿ ದುಡಿಯುತ್ತಿದೆ. ಮುಳ್ಳು ಏರಿಳಿಯುತ್ತ ಗಾಳಿಯ ಸದ್ದು ಬಂದರೆ ಮಟ್ಟ ಜಾಲರಿಯವರೆಗೆ ಇಳಿದಿದೆ. ಲೈನ್ ರಿಪೇರಿ ಆದ ಮರುದಿನ ನೀರು ಕುಗ್ಗಿದರೆ ಎರಡು ಫೇಸು ಅದಲುಬದಲಾಗಿ ಪಂಪು ತಿರುವಾಗಿ ಓಡುತ್ತಿರಬಹುದು. ಎರಡು ತಂತಿ ಬದಲಿಸಿ ನೋಡಿದರೆ ಸಾಕು. ಲಾರಿ ಕರೆಸುವ ಮೊದಲು ಈ ಒಂದನ್ನಂತೂ ನೋಡಲೇಬೇಕು.

ಮೂರು ಫೇಸಿನಲ್ಲಿ ಒಂದರ ಆಂಪಿಯರ್ ಬೇರೆ ತೋರಿದರೆ ದೋಷ ಲೈನಿನದೋ ಮೋಟರಿನದೋ ಎಂದು ತಿಳಿಯಲು ಸರಳ ಪರೀಕ್ಷೆ ಇದೆ. ಸರಬರಾಜನ್ನು ಪೂರ್ತಿ ಕಡಿದು, ಸ್ಟಾರ್ಟರಿನಿಂದ ಮೋಟರಿಗೆ ಹೋಗುವ ಮೂರೂ ತಂತಿಗಳನ್ನು ಒಂದೊಂದು ಸ್ಥಾನ ಮುಂದಕ್ಕೆ ಸರಿಸಬೇಕು. ಮೂರನ್ನೂ ಸರಿಸಿದಾಗ ತಿರುಗುವ ದಿಕ್ಕು ಬದಲಾಗುವುದಿಲ್ಲ. ಹೆಚ್ಚಿನ ಆಂಪಿಯರ್ ಅದೇ ಲೈನಿನಲ್ಲೇ ಉಳಿದರೆ ದೋಷ ಟಿ.ಸಿ. ಕಡೆಯದು; ತಂತಿಯ ಜೊತೆ ತಾನೂ ಸರಿದರೆ ಕೇಬಲ್ ಅಥವಾ ಕಾಯಿಲಿನದು. ಕರೆಂಟು ಕಡಿದು 500 ವೋಲ್ಟಿನ ಮೆಗ್ಗರ್ ಹಿಡಿದಾಗ ನಿರೋಧ ಒಂದು ಮೆಗ್‌ಓಮ್‌ಗಿಂತ ಕೆಳಗಿದ್ದರೆ ಕೇಬಲ್ ಜಾಯಿಂಟನ್ನೋ ಕಾಯಿಲನ್ನೋ ಅನುಮಾನಿಸಬೇಕು.

ಮರಳನ್ನು ನೋಡುವ ರೀತಿಯಲ್ಲೂ ಎಚ್ಚರ ಬೇಕು. ಸ್ಟಾರ್ಟ್ ಆದ ಮೊದಲ ನಿಮಿಷದ ನೀರನ್ನೂ ಅರ್ಧ ಗಂಟೆಯ ನಂತರದ ನೀರನ್ನೂ ಬೇರೆಬೇರೆ ಪಾತ್ರೆಯಲ್ಲಿ ಹಿಡಿದು ತಿಳಿಯಾಗಲು ಬಿಡಬೇಕು. ಮೊದಲಿನದರಲ್ಲಿ ಮಾತ್ರ ಮರಳಿದ್ದರೆ ಪದೇ ಪದೇ ನಿಲ್ಲಿಸಿ ಓಡಿಸುವುದು ಕಾರಣ. ಎರಡರಲ್ಲೂ ಇದ್ದರೆ ಬಾವಿಯದೇ ದೋಷ.

ಬಿಚ್ಚಿದ ಭಾಗಗಳ ಓದು

ಪಂಪು ಮೇಲೆ ಬಂದ ಮೇಲೆ ತೊಳೆಯುವ ಮೊದಲೇ ನೋಡಬೇಕು. ಜಾಲರಿಯಲ್ಲಿ ಸಿಕ್ಕ ಮರಳು, ಹಕ್ಕಳೆಯ ಬಣ್ಣ, ಮೋಟರಿನ ಮೈಮೇಲೆ ಹೂಳು ನಿಂತ ಎತ್ತರದ ಗೆರೆ ಇವು ತೊಳೆದರೆ ಹೋಗುವ ಸಾಕ್ಷಿಗಳು. ಸ್ಟೇಜುಗಳನ್ನು ಬಿಚ್ಚುವಾಗ ಕೆಳಗಿನಿಂದ ಮೇಲಕ್ಕೆ ಸಂಖ್ಯೆ ಬರೆದು ಸಾಲಾಗಿ ಇಡಬೇಕು. ರಾಶಿ ಹಾಕಿದರೆ ಯಾವುದು ಎಲ್ಲಿ ಸವೆಯಿತು ಎಂಬುದು ಕಳೆದುಹೋಗುತ್ತದೆ.

ಎಲ್ಲ ಇಂಪೆಲ್ಲರುಗಳ ಅಂಚು ತೆಳುವಾಗಿ ಮಿರುಗುತ್ತಿದ್ದು ಸ್ಲೀವಿನ ಮೇಲೆ ಸುತ್ತಲೂ ಗೀರುಗಳಿದ್ದರೆ ಮರಳು. ಇಂಪೆಲ್ಲರಿನ ತಳ ಸವೆದಿದ್ದರೆ ಥ್ರಸ್ಟ್ ಬೇರಿಂಗ್ ಇಳಿದಿದೆ. ಮೇಲ್ಮುಖ ಸವೆದಿದ್ದರೆ ಮೇಲೊತ್ತು. ಸ್ಲೀವು ನೀಲಿಗಟ್ಟಿದ್ದು ರಬ್ಬರು ಬಿರುಕುಬಿಟ್ಟಿದ್ದರೆ ಒಣ ಓಟ. ನೀರು ಒಳಸೇರುವ ಅಂಚಿನಲ್ಲಿ ಸೂಜಿ ಚುಚ್ಚಿದಂಥ ಕುಳಿಗಳಿದ್ದರೆ ಒತ್ತಡ ಕುಸಿದು ಆವಿಗುಳ್ಳೆಗಳು ಒಡೆದ ಗುರುತು. ಅದೂ ನೀರಿನ ಮಟ್ಟ ಸಾಲದಾದದ್ದನ್ನೇ ಹೇಳುತ್ತದೆ.

ಬುಶ್ ಮತ್ತು ಸ್ಲೀವನ್ನು ಯಾವಾಗಲೂ ಜೋಡಿಯಾಗಿ ಓದಬೇಕು. ಬುಶ್ ಒಂದೇ ಪಕ್ಕ ತೇಯ್ದು ಸ್ಲೀವು ಸುತ್ತಲೂ ಸಮನಾಗಿ ತೇಯ್ದಿದ್ದರೆ ಒತ್ತು ಒಂದೇ ದಿಕ್ಕಿನಿಂದ ಬಂದಿದೆ: ಬಾವಿ ಸೊಟ್ಟ ಇದೆ ಅಥವಾ ಪಂಪು ಬಂಡೆಗೆ ಒರಗಿದೆ. ಸ್ಲೀವು ಒಂದೇ ಪಕ್ಕ ತೇಯ್ದು ಬುಶ್ ಸುತ್ತಲೂ ಸಮನಾಗಿ ತೇಯ್ದಿದ್ದರೆ ಒತ್ತು ಶಾಫ್ಟಿನ ಜೊತೆಗೇ ತಿರುಗಿದೆ: ಶಾಫ್ಟು ಬಾಗಿದೆ ಅಥವಾ ಇಂಪೆಲ್ಲರ್ ತೂಕ ತಪ್ಪಿದೆ. ಮೊದಲನೆಯದಕ್ಕೆ ಹೊಸ ಶಾಫ್ಟು ಹಾಕಿ ಪ್ರಯೋಜನ ಇಲ್ಲ, ಎರಡನೆಯದಕ್ಕೆ ಬಾವಿಯನ್ನು ದೂರಿ ಪ್ರಯೋಜನ ಇಲ್ಲ.

ಕಾಯಿಲಿನ ಸುಟ್ಟ ಗುರುತೂ ಹೀಗೆಯೇ ಮಾತಾಡುತ್ತದೆ. ಮೂರು ಫೇಸೂ ಸಮನಾಗಿ ಕರಿಯಾಗಿದ್ದರೆ ಹೊರೆ, ಕಡಿಮೆ ವೋಲ್ಟೇಜು ಅಥವಾ ತಂಪಿನ ಕೊರತೆ. ಸ್ಟಾರ್ ಜೋಡಣೆಯಲ್ಲಿ ಎರಡು ಫೇಸು ಸುಟ್ಟು ಒಂದು ಉಳಿದಿದ್ದರೆ, ಡೆಲ್ಟಾದಲ್ಲಿ ಒಂದು ಸುಟ್ಟು ಎರಡು ಉಳಿದಿದ್ದರೆ ಲೈನಿನ ಒಂದು ಫೇಸು ಹೋಗಿತ್ತು. ಒಂದೇ ಚುಕ್ಕೆಯಲ್ಲಿ ಸುಟ್ಟಿದ್ದರೆ ನಿರೋಧ ಕವಚದ ದೋಷ ಅಥವಾ ಸಿಡಿಲಿನಂಥ ಹಠಾತ್ ಏರಿಕೆ.

ಕೊನೆಗೆ ಕೆಟ್ಟ ಭಾಗ ಮೊದಲು ಕೆಟ್ಟ ಭಾಗವಾಗಿರುವುದು ಅಪರೂಪ. ಮರಳಿಗೆ ಬುಶ್ ಹೋಗುತ್ತದೆ, ಓಲಾಟಕ್ಕೆ ಮೋಟರಿನ ಮೇಲಿನ ಮರಳುತಡೆ ಹೋಗುತ್ತದೆ, ಆ ದಾರಿಯಿಂದ ಒಳಸೇರಿದ ಕೆಸರಿಗೆ ಥ್ರಸ್ಟ್ ಬೇರಿಂಗ್ ಹೋಗುತ್ತದೆ, ಉಜ್ಜಾಟದ ಹೊರೆಗೆ ಕಾಯಿಲ್ ಸುಡುತ್ತದೆ. ರಿವೈಂಡಿಂಗ್ ಅಂಗಡಿಗೆ ಬರುವುದು ಸುಟ್ಟ ಕಾಯಿಲ್ ಮಾತ್ರ. ಅದನ್ನಷ್ಟೇ ಸುತ್ತಿಸಿ ಇಳಿಸಿದ ಮೋಟರು ಅದೇ ಮರಳಿಗೆ, ಅದೇ ಬುಶ್‌ಗೆ ಮತ್ತೆ ಬಲಿಯಾಗುತ್ತದೆ. ಹಣ ಹೋಗುವುದು ರೈತನದು. ಆದ್ದರಿಂದ ಪಂಪನ್ನು ಬಿಚ್ಚದೆ ಮೋಟರನ್ನು ಮಾತ್ರ ದುರಸ್ತಿ ಮಾಡುವ ಪದ್ಧತಿ ತಪ್ಪು.

ತಾಲ್ಲೂಕುಗಳಲ್ಲಿ

ಕೋಲಾರ ತಾಲ್ಲೂಕು ಟೊಮೆಟೊಗೆ ಹೆಸರಾದದ್ದು. ಇಲ್ಲಿನ ಎಪಿಎಂಸಿ ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲೊಂದು. ಹನಿ ನೀರಾವರಿಯ ತೋಟದಲ್ಲಿ ಪಂಪು ನೇರ ಲ್ಯಾಟರಲ್ ಪೈಪುಗಳಿಗೆ ಜೋಡಣೆಯಾಗಿದ್ದರೆ ಫಿಲ್ಟರಿನಲ್ಲಿ ಸಿಗುವ ಕಸವೇ ಬಾವಿಯ ಸ್ಥಿತಿಯನ್ನು ದಿನವೂ ತಿಳಿಸುತ್ತದೆ. ಮಾಲೂರು ಹೆಂಚು ಮತ್ತು ಇಟ್ಟಿಗೆಯ ಊರು. ಜೇಡಿ ಪದರ ದಪ್ಪ ಇರುವಲ್ಲಿ ಕೇಸಿಂಗ್ ಪೈಪು ಅದನ್ನು ಪೂರ್ತಿ ದಾಟಿ ಬಂಡೆಯಲ್ಲಿ ಕೂರದಿದ್ದರೆ ಕೆಂಪು ನೀರು ತಪ್ಪದು. ಟೇಕಲ್ ಸುತ್ತ ಬಂಡೆ ಮೇಲಕ್ಕೇ ಸಿಗುತ್ತದೆ. ಮುಳಬಾಗಿಲಿನಲ್ಲಿ ಆವಣಿ, ಕುರುಡುಮಲೆಯಂಥ ಬಂಡೆಗುಡ್ಡಗಳ ಸೀಮೆ. ಬಿರುಕು ಸಿಕ್ಕರೆ ಮಾತ್ರ ನೀರು. ಇಂಥ ಕಡಿಮೆ ಇಳುವರಿಯ ಬಾವಿಗಳಲ್ಲಿ ಮೊದಲು ಹುಡುಕಬೇಕಾದದ್ದು ಒಣ ಓಟದ ಗುರುತನ್ನು. ಶ್ರೀನಿವಾಸಪುರ ಮಾವಿನ ತಾಲ್ಲೂಕು. ಬೆಳೆದ ಮಾವಿನ ಮರಕ್ಕೆ ನೀರು ಕಡಿಮೆ ಬೇಕಾದ್ದರಿಂದ ಪಂಪು ತಿಂಗಳುಗಟ್ಟಲೆ ನಿಲ್ಲುತ್ತದೆ, ಹಕ್ಕಳೆ ಮತ್ತು ತುಕ್ಕಿನಿಂದ ಶಾಫ್ಟು ಹಿಡಿದುಕೊಳ್ಳುತ್ತದೆ. ಮಳೆಗಾಲದಲ್ಲೂ ಆಗಾಗ ಕೆಲವು ನಿಮಿಷ ಓಡಿಸುವುದೇ ಅದಕ್ಕೆ ಮದ್ದು.

ತಡೆ

ಬಾವಿಯ ನಿಜವಾದ ಇಳುವರಿಯನ್ನು ಹಲವು ಗಂಟೆ ನೀರೆತ್ತಿ ಅಳೆದು, ಅದಕ್ಕಿಂತ ತುಸು ಕಡಿಮೆ ಎತ್ತುವ ಪಂಪನ್ನು ಆರಿಸುವುದಕ್ಕೆ ಸಮನಾದ ತಡೆ ಬೇರೆ ಇಲ್ಲ. ಈಗಾಗಲೇ ದೊಡ್ಡ ಪಂಪು ಇದ್ದರೆ ಗೇಟ್ ವಾಲ್ವನ್ನು ಅರ್ಧ ಮುಚ್ಚಿ ಓಡಿಸುವುದರಿಂದ ಒಣ ಓಟ, ಮರಳು ಎರಡೂ ತಗ್ಗುತ್ತವೆ. ಪೂರ್ತಿ ಮುಚ್ಚಿ ಓಡಿಸಿದರೆ ನೀರು ಬಿಸಿಯಾಗಿ ಬುಶ್ ಹೋಗುತ್ತದೆ. ನೀರಿನ ಮಟ್ಟ ಇಳಿದಾಗ ನಿಲ್ಲಿಸುವ ರಿಲೇ, ಫೇಸ್ ಹೋದಾಗ ಬಿಡುವ ರಿಲೇ, ಕರೆಂಟು ಬಂದ ಮೇಲೆ ಕೆಲವು ನಿಮಿಷ ಕಾಯುವ ಟೈಮರ್ ಮೂರೂ ಪ್ಯಾನೆಲ್ ಬೋರ್ಡಿನಲ್ಲಿ ಇರಬೇಕು. ಒಂದೇ ಟಿ.ಸಿ.ಯ ರೈತರು ಟೈಮರುಗಳನ್ನು ಬೇರೆಬೇರೆ ನಿಮಿಷಕ್ಕೆ ಹೊಂದಿಸಿಕೊಂಡರೆ ಎಲ್ಲರ ಮೋಟರಿಗೂ ಒಳಿತು. ಬಿರುಕು ಪಂಪಿಗಿಂತ ಮೇಲಿದ್ದರೆ ಮೋಟರಿಗೆ ಹೊದಿಕೆ ಪೈಪು ಹಾಕಿ ನೀರು ಅದರ ಮೈ ಸವರಿ ಹೋಗುವಂತೆ ಮಾಡಬಹುದು. ಇಳಿಸುವ ಮೊದಲು ಮೋಟರಿಗೆ ತಿಳಿನೀರು ತುಂಬಿ ಗಾಳಿಗುಳ್ಳೆ ಪೂರ್ತಿ ಹೊರಹೋಗುವವರೆಗೆ ಕಾಯುವುದು ಅಗ್ಗದ, ಆದರೆ ಆತುರದಲ್ಲಿ ಬಿಟ್ಟುಹೋಗುವ ಕೆಲಸ.

ಈಗಿನ ಸ್ಥಿತಿ

ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಸೆಟ್ಟುಗಳಿಗೆ 2008ರಿಂದ ಉಚಿತ ವಿದ್ಯುತ್ತು ಇದೆ. ಸವೆದ ಪಂಪು ಹೆಚ್ಚು ಕರೆಂಟು ಎಳೆದರೂ ಬಿಲ್ಲಿನಲ್ಲಿ ಕಾಣುವುದಿಲ್ಲವಾಗಿ, ಸವೆತ ಮೋಟರು ಸುಡುವವರೆಗೂ ಗಮನಕ್ಕೆ ಬರುವುದಿಲ್ಲ. 2011ರ ಕರ್ನಾಟಕ ಅಂತರ್ಜಲ ಅಧಿನಿಯಮ ಅಧಿಸೂಚಿತ ಪ್ರದೇಶಗಳಲ್ಲಿ ಹೊಸ ಬಾವಿಗೆ ಅನುಮತಿ ಕಡ್ಡಾಯ ಮಾಡಿದೆ. ಸೌರ ಪಂಪುಗಳು ಬರುತ್ತಿವೆ. ಬಿಸಿಲು ಕಡಿಮೆಯಾದಾಗ ಅವುಗಳ ವೇಗ ತಗ್ಗುತ್ತದೆ. ಸಾಮಾನ್ಯ ಮೋಟರನ್ನು 30 ಹರ್ಟ್ಜ್‌ಗಿಂತ ಕೆಳಗೆ ಓಡಿಸಿದರೆ ಥ್ರಸ್ಟ್ ಬೇರಿಂಗಿನಲ್ಲಿ ನೀರಿನ ಪದರ ಕಟ್ಟುವುದಿಲ್ಲವಾದ್ದರಿಂದ ನಿಯಂತ್ರಕದಲ್ಲಿ ಆ ಗಡಿಯನ್ನು ನಿಗದಿಮಾಡಬೇಕು.

ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರನ್ನು ಕೆರೆಗಳಿಗೆ ತುಂಬುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರ ಜೂನ್‌ನಲ್ಲಿ ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಬಂತು. ದಿನಕ್ಕೆ 440 ದಶಲಕ್ಷ ಲೀಟರ್, 126 ಕೆರೆ ಎಂಬುದು ಮೊದಲ ಯೋಜನೆ. ಸಂಸ್ಕರಣೆಯ ಗುಣಮಟ್ಟದ ಪ್ರಶ್ನೆ ನ್ಯಾಯಾಲಯದವರೆಗೂ ಹೋಯಿತು. ಕೆರೆ ತುಂಬಿದ ಕಡೆ ಸುತ್ತಲಿನ ಬಾವಿಗಳ ಮಟ್ಟ ಏರಿದ್ದು ಪಂಪಿನ ಮಟ್ಟಿಗೆ ಹೊಸ ಲೆಕ್ಕವನ್ನು ತಂದಿದೆ. ಸಾವಿರ ಅಡಿಗೆಂದು ಮೂವತ್ತು ಸ್ಟೇಜಿನ ಪಂಪು ಇಳಿಸಿದ ಬಾವಿಯಲ್ಲಿ ನೀರು ಮುನ್ನೂರು ಅಡಿಗೆ ಬಂದರೆ ಅದು ಮೇಲೊತ್ತಿಗೂ ಹೊರೆಗೂ ಸಿಕ್ಕುತ್ತದೆ. ಅಲ್ಲಿ ಪೈಪುಗಳನ್ನು ಕಡಿಮೆ ಮಾಡಿ ಪಂಪನ್ನು ಮೇಲಕ್ಕೆ ತಂದರಷ್ಟೇ ಸಾಲದು, ಏಕೆಂದರೆ ಹೆಡ್ಡನ್ನು ನಿರ್ಧರಿಸುವುದು ನೀರಿನ ಮಟ್ಟವೇ ಹೊರತು ಪಂಪು ಇಳಿಬಿಟ್ಟ ಆಳ ಅಲ್ಲ. ಸ್ಟೇಜುಗಳನ್ನು ಕಳೆದು ಚಿಕ್ಕ ಮೋಟರು ಹಾಕಬೇಕು, ಇಲ್ಲವೇ ವಾಲ್ವಿನಿಂದ ಹರಿವನ್ನು ತಡೆದು ಪಂಪನ್ನು ಅದರ ನಿಗದಿತ ಹೆಡ್ಡಿಗೆ ಹಿಂತಿರುಗಿಸಬೇಕು.